ಕಾಣದ ನಡು

ಒಂದು ವಸ್ತುವಿನ ನಡು ಎಲ್ಲಿದೆ ಎಂದು ಕೇಳಿದರೆ, ಇದೂ ಒಂದು ಪ್ರಶ್ನೆಯೇ ಎಂದು ಯಾರಾದರೂ ನಕ್ಕುಬಿಟ್ಟಾರು. ಗಾಡಿಯ ಚಕ್ರ ಕಟ್ಟುವ ಆಚಾರಿ ಗುಂಬದ ನಡುವನ್ನು ಕೈವಾರದಿಂದ ಕ್ಷಣಮಾತ್ರದಲ್ಲಿ ಗುರುತಿಸುತ್ತಾನೆ. ಕೈವಾರವಿಲ್ಲದವನು ದಾರವೊಂದನ್ನು ಅಡ್ಡಲಾಗಿ ಹಿಡಿದು, ಮಡಿಸಿ, ಮತ್ತೊಮ್ಮೆ ಉದ್ದಕ್ಕೆ ಹಿಡಿದು, ಎರಡು ಗೆರೆಗಳು ಕೂಡುವಲ್ಲಿ ಸುಣ್ಣದ ಚುಕ್ಕೆಯಿಡುತ್ತಾನೆ. ಚೌಕಟ್ಟಾದರೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಸಾಕು. ಈ ಉಪಾಯಗಳೆಲ್ಲಕ್ಕೂ ಸಮಾನವಾದ ಒಂದು ಅಂಶವುಂಟು. ವಸ್ತುವಿನ ಅಂಚು ಕಣ್ಣಿಗೆ ಕಾಣುತ್ತದೆ, ಕೈಗೆ ತಾಗುತ್ತದೆ; ಅಂಚನ್ನು ಹಿಡಿದು ನಾವು ನಡುವಿಗೆ ನಡೆಯುತ್ತೇವೆ.

ಆದರೆ ಅಂಚೇ ಇಲ್ಲದ ಒಂದು ವಸ್ತುವಿನ ನಡುವನ್ನು ಹುಡುಕುವುದು ಹೇಗೆ? ಹುಡುಕಿದ ಆ ನಡುವೂ ಬರಿಯ ಶೂನ್ಯದಲ್ಲಿ, ಬೆರಳಿಡಲು ಎಡೆಯಿಲ್ಲದ ಕಡೆಯಲ್ಲಿ ಇದ್ದರೆ, ಅದಕ್ಕೆ ಗುರುತು ಹಾಕುವುದು ಯಾವುದರ ಮೇಲೆ? ಇದು ತರ್ಕಶಾಸ್ತ್ರದ ಒಗಟಲ್ಲ. ಜಗತ್ತಿನ ದೊಡ್ಡ ಪ್ರಯೋಗಶಾಲೆಗಳಲ್ಲಿ ಪ್ರತಿಯೊಂದು ವಿದ್ಯುತ್ಕಾಂತದ ಮುಂದೆಯೂ ಅಳತೆಗಾರನೊಬ್ಬ ನಿಂತು ಬಿಡಿಸಬೇಕಾದ ನಿತ್ಯದ ಲೆಕ್ಕ. ಅದನ್ನು ಬಿಡಿಸುವ ಬಗೆಯನ್ನೂ, ಆ ಕೆಲಸದಲ್ಲಿ ನಮ್ಮ ನಾಡಿಗೆ ಸಂದ ಪಾಲನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಈ ಕಾಂತಗಳು ಎಲ್ಲಿ ಬೇಕಾಗುತ್ತವೆ ಎಂಬುದನ್ನು ನೋಡೋಣ. ಪರಮಾಣುವಿನ ಒಳಗನ್ನು ಅರಿಯಲು, ಅಥವಾ ವಸ್ತುಗಳ ರಚನೆಯನ್ನು ತೋರುವ ಪ್ರಖರವಾದ ಬೆಳಕನ್ನು ಪಡೆಯಲು, ಎಲೆಕ್ಟ್ರಾನ್ ಪ್ರೋಟಾನ್‌ಗಳಂಥ ಕಣಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಬೇಕಾಗುತ್ತದೆ. ಹಾಗೆ ಓಡಿಸುವ ಯಂತ್ರಕ್ಕೆ ಕಣವೇಗವರ್ಧಕ ಎಂದು ಹೆಸರು. ಕಣಗಳು ಓಡುವುದು ಗಾಳಿಯನ್ನೆಲ್ಲ ಹೊರತೆಗೆದ ಒಂದು ಕೊಳವೆಯಲ್ಲಿ. ಆ ಕೊಳವೆ ಉಂಗುರದಂತೆ ಬಾಗಿರುತ್ತದೆ. ಕಣಗಳಿಗೆ ಬಾಗುವ ಇಚ್ಛೆಯಿಲ್ಲ. ಅವು ನೇರವಾಗಿ ಹೋಗಿ ಗೋಡೆಗೆ ಬಡಿಯುವಂಥವು. ಅವುಗಳನ್ನು ಬಾಗಿಸಲು ಎರಡು ಧ್ರುವಗಳ ಕಾಂತಗಳನ್ನು, ಎಂದರೆ ದ್ವಿಧ್ರುವಗಳನ್ನು, ಕೊಳವೆಯ ಸುತ್ತ ಕೂರಿಸುತ್ತಾರೆ. ಬಾಗಿದರಷ್ಟೇ ಸಾಲದು, ಕಣಗಳ ಗುಂಪು ಹೋಗುತ್ತ ಹೋಗುತ್ತ ಚೆದರುತ್ತದೆ. ಚೆದರಿದುದನ್ನು ಮಸೂರವು ಬೆಳಕನ್ನು ಕೂಡಿಸುವಂತೆ ಕೂಡಿಸಲು ನಾಲ್ಕು ಧ್ರುವಗಳ ಚತುರ್ಧ್ರುವ ಕಾಂತಗಳು ಬೇಕು. ಇಷ್ಟಾದ ಮೇಲೂ ಉಳಿಯುವ ಸಣ್ಣಪುಟ್ಟ ದೋಷಗಳನ್ನು ತಿದ್ದಲು ಆರು ಧ್ರುವಗಳ ಷಡ್ಧ್ರುವಗಳು.

ನಮ್ಮ ದೇಶದಲ್ಲೇ ಇದರ ಒಳ್ಳೆಯ ಉದಾಹರಣೆಯಿದೆ. ಇಂದೋರಿನಲ್ಲಿ 1984ರಲ್ಲಿ ತಳಹದಿ ಹಾಕಿದ ಸಂಸ್ಥೆಗೆ ಇಂದು ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ ಅವರ ಹೆಸರಿದೆ. ಅಲ್ಲಿನ ಇಂಡಸ್-2 ಎಂಬ ಎಲೆಕ್ಟ್ರಾನ್ ಉಂಗುರದ ಸುತ್ತಳತೆ 172.5 ಮೀಟರ್. ಅದರಲ್ಲಿ 16 ದ್ವಿಧ್ರುವಗಳು, 72 ಚತುರ್ಧ್ರುವಗಳು, 32 ಷಡ್ಧ್ರುವಗಳು. ಜಿನೀವಾ ನಗರದ ಬಳಿ ನೆಲದಡಿಯಲ್ಲಿ ಇರುವ ಸರ್ನ್ ಸಂಸ್ಥೆಯ ಎಲ್‌ಎಚ್‌ಸಿ ಯಂತ್ರ ಇದಕ್ಕಿಂತ ನೂರೈವತ್ತು ಪಟ್ಟು ದೊಡ್ಡದು. ಸುತ್ತಳತೆ ಸುಮಾರು 27 ಕಿಲೋಮೀಟರ್. ದ್ವಿಧ್ರುವಗಳೇ 1232, ಒಂದೊಂದೂ ಸುಮಾರು 15 ಮೀಟರ್ ಉದ್ದ, ಮೂವತ್ತು ಟನ್ನಿಗೆ ಮಿಗಿಲಾದ ತೂಕ. ಹಿಗ್ಸ್ ಕಣ ದೊರೆತಿದೆಯೆಂದು 2012ರ ಜುಲೈ 4ರಂದು ಸಾರಿದ್ದು ಈ ಯಂತ್ರದ ಫಲವಾಗಿಯೇ.

ಇನ್ನು ನಡುವಿನ ವಿಚಾರಕ್ಕೆ ಬರೋಣ. ಚತುರ್ಧ್ರುವ ಕಾಂತದ ಗುಣ ವಿಚಿತ್ರವಾದುದು. ಅದರ ನಾಲ್ಕು ಧ್ರುವಗಳು, ಉತ್ತರ ದಕ್ಷಿಣ ಉತ್ತರ ದಕ್ಷಿಣ ಎಂದು ಒಂದು ಬಿಟ್ಟು ಒಂದರಂತೆ, ಒಂದು ರಂಧ್ರದ ಸುತ್ತ ಕುಳಿತಿರುತ್ತವೆ. ರಂಧ್ರದ ನಟ್ಟನಡುವೆ ನಾಲ್ಕರ ಬಲವೂ ಒಂದನ್ನೊಂದು ಕಳೆದು ಸೊನ್ನೆಯಾಗುತ್ತದೆ. ನಡುವಿನಿಂದ ಯಾವ ಕಡೆಗೆ ಸರಿದರೂ ಬಲ ಹುಟ್ಟುತ್ತದೆ. ಎಷ್ಟು ದೂರ ಸರಿದರೆ ಅಷ್ಟು ಹೆಚ್ಚುತ್ತದೆ. ದಾರಿ ತಪ್ಪಿದ ಕಣವನ್ನು ಒಳಕ್ಕೆ ತಳ್ಳುವುದು ಈ ಬಲವೇ. ನಡುವೆ ಹಾದುಹೋಗುವ ಕಣಕ್ಕೆ ಕಾಂತ ಇದೆಯೆಂಬುದೇ ತಿಳಿಯುವುದಿಲ್ಲ.

ಈಗ ಆ ಕಾಂತವನ್ನೇ ಕೂದಲೆಳೆಯಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ತಪ್ಪಾಗಿ ಕೂರಿಸಿದೆವೆನ್ನಿ. ಕಣಧಾರೆ ಸರಿಯಾದ ದಾರಿಯಲ್ಲೇ ಬರುತ್ತದೆ; ಆದರೆ ಕಾಂತದ ಪಾಲಿಗೆ ಅದು ದಾರಿ ತಪ್ಪಿದ ಧಾರೆ. ಎಲ್‌ಎಚ್‌ಸಿಯ ಚತುರ್ಧ್ರುವಗಳಲ್ಲಿ ಬಲದ ಏರಿಕೆ ಮೀಟರಿಗೆ 223 ಟೆಸ್ಲಾ. ಕೂದಲೆಳೆಯ ತಪ್ಪಿಗೆ ಅಲ್ಲಿ ಹುಟ್ಟುವ ಕ್ಷೇತ್ರ ಟೆಸ್ಲಾದ ನೂರರಲ್ಲಿ ಎರಡು ಭಾಗ. ಇದೇನು ಮಹಾ ಎನ್ನಬೇಡಿ. ನಮ್ಮ ಕರಾವಳಿಯಲ್ಲಿ ಹಡಗಿನ ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಭೂಮಿಯ ಕಾಂತಕ್ಷೇತ್ರಕ್ಕಿಂತ ಇದು ಐನೂರು ಪಟ್ಟು ಬಲವಾದುದು. ಕಾಂತವೊಂದು ಕಣಧಾರೆಗೆ ಇಂಥ ತಳ್ಳು ಕೊಟ್ಟರೆ, ಮುಂದಿನದು ಇನ್ನೊಂದು ಕಡೆಗೆ ತಳ್ಳಿದರೆ, ಧಾರೆ ಸುತ್ತು ಮುಗಿಸುವ ಮೊದಲೇ ಗೋಡೆಗೆ ಬಡಿದು ಹೋಗಬಹುದು. ಷಡ್ಧ್ರುವದ ನಡು ತಪ್ಪಿದರೆ ಫಲ ಬೇರೆ: ಬೇಡದ ಕಡೆಯಲ್ಲಿ ಅದು ಚತುರ್ಧ್ರುವದಂತೆ ವರ್ತಿಸತೊಡಗುತ್ತದೆ. ದೋಷ ತಿದ್ದಲು ತಂದಿಟ್ಟದ್ದೇ ಹೊಸ ದೋಷಕ್ಕೆ ಕಾರಣವಾಗುತ್ತದೆ.

ಹಾಗಾದರೆ ಕಬ್ಬಿಣದ ರಂಧ್ರದ ನಡುವನ್ನು ಅಳೆದು, ಅದೇ ಕಾಂತದ ನಡು ಎಂದು ಹೇಳಬಾರದೇಕೆ? ಇದು ನ್ಯಾಯವಾದ ಪ್ರಶ್ನೆ. ಕೆಲಸ ಆರಂಭವಾಗುವುದೂ ಅಲ್ಲಿಂದಲೇ. ಕಾಂತವನ್ನು ಅಳತೆಯ ಯಂತ್ರದ ಕಲ್ಲುಹಾಸಿನ ಮೇಲಿಟ್ಟು, ಮಾಣಿಕ್ಯದ ಸಣ್ಣ ಗುಂಡು ಕೂರಿಸಿದ ಕಡ್ಡಿಯಿಂದ ನಾಲ್ಕು ಧ್ರುವಗಳ ಮೈಯನ್ನು ಬಿಂದುಬಿಂದುವಾಗಿ ಮುಟ್ಟಿ, ಆ ಬಿಂದುಗಳಿಂದ ಲೆಕ್ಕ ಹಾಕಿ ನಡುವನ್ನು ತೆಗೆಯುತ್ತಾರೆ. ಇದು ಯಾಂತ್ರಿಕ ನಡು. ಗುಂಬದ ನಡುವನ್ನು ಹುಡುಕಿದ ಆಚಾರಿಯ ಕೆಲಸವೇ ಇದು, ಸಾಧನ ಮಾತ್ರ ಬೇರೆ.

ಆದರೆ ಕಣಗಳು ಕಬ್ಬಿಣವನ್ನು ಕಾಣುವುದಿಲ್ಲ, ಕ್ಷೇತ್ರವನ್ನು ಮಾತ್ರ ಕಾಣುತ್ತವೆ. ಕ್ಷೇತ್ರದ ನಡುವೂ ಕಬ್ಬಿಣದ ನಡುವೂ ಒಂದೇ ಆಗಬೇಕಾದರೆ ನಾಲ್ಕು ಧ್ರುವಗಳ ಕಬ್ಬಿಣವೂ ಒಂದೇ ಗುಣದ್ದಾಗಿರಬೇಕು, ನಾಲ್ಕು ಸುರುಳಿಗಳ ತಂತಿಯೂ ಒಂದೇ ಬಿಗಿಯಲ್ಲಿ ಸುತ್ತಿರಬೇಕು, ಕಾಂತದ ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಬೋಲ್ಟು ಹಾಕಿ ಕೂಡಿಸುವಾಗ ನಡುವೆ ಧೂಳಿನ ಕಣವೂ ಉಳಿಯಬಾರದು. ನಿಜವಾದ ಕಾರ್ಖಾನೆಯಲ್ಲಿ ಇದಾವುದೂ ಪೂರ್ತಿ ನೆರವೇರುವುದಿಲ್ಲ. ಕಬ್ಬಿಣವೇ ಇಲ್ಲದಂತೆ ಬರಿಯ ತಂತಿಯ ಸುರುಳಿಗಳೇ ಕ್ಷೇತ್ರವನ್ನು ರೂಪಿಸುವ ಅತಿವಾಹಕ ಕಾಂತಗಳಲ್ಲಂತೂ ಮುಟ್ಟಿ ನೋಡಲು ಧ್ರುವದ ಮೈಯೇ ಸಿಗುವುದಿಲ್ಲ. ಆದುದರಿಂದ ಕ್ಷೇತ್ರವನ್ನೇ ಕೇಳಬೇಕು, ನಿನ್ನ ನಡು ಎಲ್ಲಿ ಎಂದು.

ಕೇಳುವ ಬಗೆಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ತಿರುಗುವ ಸುರುಳಿ. ರಂಧ್ರದೊಳಗೆ ಉದ್ದನೆಯ ತೆಳುವಾದ ತಂತಿಯ ಸುರುಳಿಯನ್ನು ಇಟ್ಟು ತಿರುಗಿಸುತ್ತಾರೆ. ಕಾಂತಕ್ಷೇತ್ರದಲ್ಲಿ ತಿರುಗುವ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಚತುರ್ಧ್ರುವದಲ್ಲಿ ಸುರುಳಿ ಒಂದು ಸುತ್ತು ಹಾಕುವಷ್ಟರಲ್ಲಿ ಈ ವಿದ್ಯುತ್ತು ಎರಡು ಸಲ ಏರಿ ಎರಡು ಸಲ ಇಳಿಯಬೇಕು. ಸುರುಳಿಯ ಅಚ್ಚು ಕ್ಷೇತ್ರದ ನಡುವಿನಲ್ಲಿ ಇಲ್ಲದಿದ್ದರೆ ಈ ಎರಡರ ತಾಳದೊಳಗೆ ಸುತ್ತಿಗೊಂದರ ತಾಳವೂ ಬಂದು ಬೆರೆಯುತ್ತದೆ. ಗುಂಬದ ನಡು ತಪ್ಪಿದ ಗಾಡಿ ಸುತ್ತಿಗೊಮ್ಮೆ ಎತ್ತಿ ಹಾಕುವುದಿಲ್ಲವೇ, ಹಾಗೆ. ಆ ಬೆರಕೆಯ ಪ್ರಮಾಣವನ್ನು ಅಳೆದರೆ ನಡು ಎಷ್ಟು ದೂರದಲ್ಲಿದೆ, ಯಾವ ದಿಕ್ಕಿನಲ್ಲಿದೆ ಎಂಬ ಎರಡೂ ತಿಳಿಯುತ್ತವೆ.

ಎರಡನೆಯದು ಕಂಪಿಸುವ ತಂತಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಟೆಮ್ನಿಖ್ ಎಂಬ ವಿಜ್ಞಾನಿ 1997ರಲ್ಲಿ ಇದನ್ನು ಪ್ರಕಟಿಸಿದರು. ಕಾಂತದ ರಂಧ್ರದ ಮೂಲಕ ಒಂದು ಸಣ್ಣ ತಂತಿಯನ್ನು ವೀಣೆಯ ತಂತಿಯಂತೆ ಬಿಗಿದು ಕಟ್ಟುತ್ತಾರೆ. ಅದರಲ್ಲಿ ಹಿಂದಕ್ಕೂ ಮುಂದಕ್ಕೂ ಹರಿಯುವ ಅಲ್ಪ ವಿದ್ಯುತ್ತನ್ನು ಬಿಡುತ್ತಾರೆ. ಆ ವಿದ್ಯುತ್ತಿನ ಆವರ್ತನವನ್ನು ತಂತಿಯ ಸ್ವಂತ ಶ್ರುತಿಗೆ ಸೇರಿಸುತ್ತಾರೆ. ತಂತಿಯಿರುವಲ್ಲಿ ಕಾಂತಕ್ಷೇತ್ರವಿದ್ದರೆ, ಎಷ್ಟೇ ಮಂದವಾಗಿದ್ದರೂ, ತಂತಿ ಮಿಡಿಯತೊಡಗುತ್ತದೆ. ಈಗ ತಂತಿಯನ್ನು ಮೈಕ್ರಾನ್ ಮೈಕ್ರಾನ್ ಆಗಿ ಸರಿಸುತ್ತ ಹೋಗಬೇಕು. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಸರಿಸಿದಂತೆ ಮಿಡಿತ ಕಡಿಮೆಯಾಗುತ್ತದೆ. ಇನ್ನೂ ಸರಿಸಿದರೆ ಮತ್ತೆ ಹೆಚ್ಚುತ್ತದೆ. ಈ ಎರಡರ ನಡುವೆ ಒಂದೆಡೆ ತಂತಿ ಸುಮ್ಮನಾಗುತ್ತದೆ. ಅದು ಸುಮ್ಮನಾದ ಜಾಗವೇ ಕಾಂತದ ನಡು. ವೈಣಿಕನು ನಾದವನ್ನು ಹುಡುಕಿಕೊಂಡು ಹೋದರೆ ಈ ಅಳತೆಗಾರ ಮೌನವನ್ನು ಹುಡುಕಿಕೊಂಡು ಹೋಗುತ್ತಾನೆ.

ತಂತಿಗೊಂದು ದೋಷವುಂಟು. ಎಷ್ಟು ಬಿಗಿದರೂ ಅದು ತನ್ನ ಭಾರಕ್ಕೆ ನಡುವೆ ಜೋಲುತ್ತದೆ. ಜೋಲನ್ನು ಅಳೆಯಲು ಹೋದರೆ ಅಳತೆಗೋಲು ತಾಗಿ ತಂತಿಯೇ ಅಲುಗೀತು. ಇಲ್ಲಿ ಶ್ರುತಿಯೇ ನೆರವಿಗೆ ಬರುತ್ತದೆ. ತಂತಿಯ ಜೋಲು ಅದರ ಶ್ರುತಿಯೊಂದನ್ನೇ ಅವಲಂಬಿಸಿದೆ; ಉದ್ದ ಎಷ್ಟು, ದಪ್ಪ ಎಷ್ಟು, ಯಾವ ಲೋಹ ಎಂಬುದೊಂದೂ ಬೇಕಾಗಿಲ್ಲ. ಸೆಕೆಂಡಿಗೆ ಐವತ್ತು ಸಲ ಮಿಡಿಯುವ ತಂತಿ ನಡುವೆ ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ಜೋತಿರುತ್ತದೆ. ಇಪ್ಪತ್ತೈದು ಸಲ ಮಿಡಿಯುವುದಾದರೆ ಅದರ ನಾಲ್ಕು ಪಟ್ಟು. ಮುಟ್ಟದೆ, ನೋಡದೆ, ಬರಿಯ ಶ್ರುತಿಯಿಂದ ಜೋಲನ್ನು ಹೇಳುವ ಈ ಉಪಾಯ ನನಗೆ ಇಡೀ ವಿದ್ಯೆಯಲ್ಲೇ ಅತ್ಯಂತ ಚೆಲುವಾದದ್ದಾಗಿ ಕಂಡಿದೆ.

ನಡು ಸಿಕ್ಕಿತು. ಆದರೆ ಸಿಕ್ಕಿದ್ದು ಗಾಳಿಯಲ್ಲಿ. ನಾಳೆ ಈ ತಂತಿಯನ್ನು ಬಿಚ್ಚಿ, ಅಲ್ಲಿಗೆ ಕಣಗಳ ಕೊಳವೆಯನ್ನು ತೂರಿಸಿ, ಎರಡು ತುದಿಗಳನ್ನೂ ಮುಚ್ಚಿಬಿಡುತ್ತಾರೆ. ಆಮೇಲೆ ಆ ನಡುವನ್ನು ನೋಡುವವರು ಯಾರೂ ಇಲ್ಲ. ಆದ್ದರಿಂದ ಮುಚ್ಚುವ ಮೊದಲೇ ಕಾಂತದ ಹೊರಮೈಯ ಮೇಲೆ ಕೆಲವು ಗುರುತುಗಳನ್ನು ಸ್ಥಾಪಿಸಬೇಕು. ಸಾಮಾನ್ಯವಾಗಿ ಇವು ಗುಂಡು ಕೂರಿಸುವ ಉಕ್ಕಿನ ಬಟ್ಟಲುಗಳು. ಈ ಗುರುತಿನಿಂದ ನಡು ಇಷ್ಟು ಎಡಕ್ಕೆ, ಇಷ್ಟು ಕೆಳಕ್ಕೆ, ಇಷ್ಟು ಒಳಕ್ಕೆ ಎಂದು ಪ್ರತಿಯೊಂದು ಕಾಂತಕ್ಕೂ ಒಂದು ಪಟ್ಟಿ ಬರೆದಿಡಬೇಕು. ಮುಂದೆ ಸುರಂಗದಲ್ಲಿ ಲೇಸರ್ ಕಿರಣದ ಸಾಧನದಿಂದ ಆ ಬಟ್ಟಲುಗಳಲ್ಲಿ ಕೂರಿಸಿದ ಕನ್ನಡಿಗುಂಡುಗಳನ್ನು ಮಾತ್ರ ನೋಡುತ್ತಾರೆ. ಪಟ್ಟಿಯನ್ನು ನಂಬಿ ಒಳಗಿನ ನಡುವನ್ನು ಊಹಿಸುತ್ತಾರೆ. ಇಡೀ ಯಂತ್ರ ನಿಂತಿರುವುದು ಆ ಪಟ್ಟಿಯ ಮೇಲಿನ ನಂಬಿಕೆಯಲ್ಲಿ.

ಆ ನಂಬಿಕೆಗೆ ಪಾತ್ರವಾಗುವಂತೆ ಅಳೆಯುವುದು ಹೇಗೆ? ಇಲ್ಲಿ ದೊಡ್ಡ ಪ್ರಯೋಗಶಾಲೆಯೂ ಹಳ್ಳಿಯ ಕಸುಬೂ ಒಂದೇ ಸೂತ್ರವನ್ನು ಹಿಡಿದಿವೆ. ಅಕ್ಕಸಾಲಿಗನು ತನ್ನ ತಕ್ಕಡಿಯನ್ನು ನಂಬುವುದಿಲ್ಲ. ಚಿನ್ನವನ್ನು ಒಮ್ಮೆ ಈ ತಟ್ಟೆಯಲ್ಲಿ, ಒಮ್ಮೆ ಆ ತಟ್ಟೆಯಲ್ಲಿ ಇಟ್ಟು ತೂಗುತ್ತಾನೆ. ಗಾರೆಯವನು ರಸಮಟ್ಟವನ್ನು ಗೋಡೆಯ ಮೇಲಿಟ್ಟು ನೋಡಿದ ಮೇಲೆ ತುದಿ ಬದಲಿಸಿ ಮತ್ತೊಮ್ಮೆ ಇಡುತ್ತಾನೆ. ಎರಡು ಸಲವೂ ಗುಳ್ಳೆ ಒಂದೇ ಕಡೆ ನಿಂತರೆ ಸರಿ. ಬೇರೆ ಬೇರೆ ನಿಂತರೆ ವ್ಯತ್ಯಾಸದ ಅರ್ಧ ಗೋಡೆಯದಲ್ಲ, ಮಟ್ಟದ್ದು. ಕಾಂತವನ್ನೂ ಹೀಗೆಯೇ ಒಂದು ಸಲ ಅಳೆದು, ಹಿಂದುಮುಂದಾಗಿ ತಿರುಗಿಸಿ ಮತ್ತೆ ಅಳೆಯುತ್ತಾರೆ. ಆಗ ಅಳೆಯುವ ಸಾಧನದ ತಪ್ಪು ಒಂದು ಕಡೆಗೂ ಕಾಂತದ ತಪ್ಪು ಇನ್ನೊಂದು ಕಡೆಗೂ ಬೇರ್ಪಡುತ್ತವೆ.

ನಾನು ಕುಮಟೆಯ ಉತ್ತರಕ್ಕೆ ಕಡಲಂಚಿನಲ್ಲಿರುವ ಬಾಡದಲ್ಲಿ ಹುಟ್ಟಿದವನು. ಹೊಟ್ಟೆಪಾಡಿಗೆ ಬೆಂಗಳೂರು ಸೇರಿ, ಅಲ್ಲಿಯ ಕಾರ್ಖಾನೆಯೊಂದರ ಅಳತೆಯ ಕೋಣೆಯಲ್ಲಿ ಬಹುಕಾಲ ದುಡಿದೆ. ಕಣವೇಗವರ್ಧಕದ ಕಾಂತಗಳು ನನ್ನ ಕೈಗೆ ಬಂದವಲ್ಲ. ನಾನು ಅಳೆದದ್ದು ಸಾಮಾನ್ಯ ಯಂತ್ರಗಳ ಬಿಡಿಭಾಗಗಳನ್ನು. ಆದರೂ ಆ ಕೋಣೆಯ ನೇಮ ಎಲ್ಲ ಕಡೆಯೂ ಒಂದೇ. ಕೋಣೆಯ ಶಾಖ ಸದಾ 20 ಡಿಗ್ರಿ ಇರಬೇಕು. ಒಂದು ಮೀಟರ್ ಉದ್ದದ ಉಕ್ಕಿನ ಸಲಾಕೆ ಒಂದು ಡಿಗ್ರಿ ಕಾದರೆ ಹನ್ನೊಂದು ಹನ್ನೆರಡು ಮೈಕ್ರಾನ್ ಬೆಳೆಯುತ್ತದೆ. ಹೊರಗಿನಿಂದ ತಂದ ವಸ್ತುವನ್ನು ಒಡನೆ ಅಳೆಯುವಂತಿಲ್ಲ. ಕೋಣೆಯ ತಂಪಿಗೆ ಅದು ಒಗ್ಗುವವರೆಗೆ ಕಾಯಬೇಕು. ಬರಿಗೈಯಿಂದ ಹಿಡಿದರೆ ಕೈಯ ಬಿಸಿಯೇ ಸುಳ್ಳು ಹೇಳಿಸುತ್ತದೆ.

ಅಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಕಾಂತದ ನಡುವಿನ ವಿಚಾರ ನನಗೆ ನಿಜವಾಗಿ ಅರ್ಥವಾದದ್ದು ಅದರಿಂದ. ಒಂದು ಎರಕದ ಭಾಗದಲ್ಲಿ ಕೊರೆದ ರಂಧ್ರದ ನಡು ನಕ್ಷೆಯಲ್ಲಿ ಹೇಳಿದ್ದಕ್ಕಿಂತ 12 ಮೈಕ್ರಾನ್ ಸರಿದಿತ್ತು. ನಕ್ಷೆ ಒಪ್ಪುತ್ತಿದ್ದುದು 10ನ್ನು. ಸರಕನ್ನು ಅಂದೇ ಕಳುಹಿಸಬೇಕಾಗಿತ್ತು. 10 ಎಂದೇ ಬರೆಯಿರಿ, ಎರಡು ಮೈಕ್ರಾನಿಗೆ ಲೋಕ ಮುಳುಗುವುದಿಲ್ಲ ಎಂದು ಮೇಲಿನವರು ಹೇಳಿದರು. ನಮ್ಮ ಕೋಣೆಯ ಹಿರಿಯರೊಬ್ಬರು 12 ಎಂದೇ ಬರೆದು ಸಹಿ ಹಾಕಿದರು. ಸರಕು ಹಿಂದೆ ನಿಂತಿತು. ಕೆಲವು ದಿನಗಳಲ್ಲೇ ಅವರನ್ನು ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೂ ಅಲ್ಲಿ ಮೊಳೆ ಬೋಲ್ಟುಗಳ ಲೆಕ್ಕ ಬರೆದರು. ಒಂದು ಸಂಜೆ ನಾನು ಅವರನ್ನು ಕೇಳಿದೆ: "ಎರಡು ಮೈಕ್ರಾನಿಗಾಗಿ ಇಷ್ಟು ಬೇಕಿತ್ತೇ ಸಾರ್?" ಅವರು ಬೇಸರವಿಲ್ಲದೆ ಹೇಳಿದರು: "ತಮ್ಮಾ, ಹನ್ನೆರಡು ಅಂತ ಗೊತ್ತಿದ್ದರೆ ಜೋಡಿಸುವವನು ಒಂದು ತೆಳು ತಗಡು ಇಟ್ಟು ಸರಿಮಾಡಿಕೊಳ್ಳುತ್ತಾನೆ. ಹತ್ತು ಅಂತ ಬರೆದರೆ ಪಾಪ, ಅವನು ಎಲ್ಲಿ ಹುಡುಕಬೇಕು?"

ಕಣವೇಗವರ್ಧಕದ ಅಳತೆಗಾರರು ಹಿಡಿದಿರುವ ಸೂತ್ರವೂ ಇದೇ ಎಂಬುದು ಆಮೇಲೆ ಓದಿ ತಿಳಿಯಿತು. ಕಾಂತದ ನಡು ಕಬ್ಬಿಣದ ನಡುವಿನಲ್ಲೇ ಇರಬೇಕೆಂಬ ಹಟ ಅವರಿಗಿಲ್ಲ. ನೂರು ಮೈಕ್ರಾನ್ ಸರಿದಿದ್ದರೂ ಬಾಧಕವಿಲ್ಲ. ಸರಿದದ್ದು ನೂರು ಎಂದು ಪಟ್ಟಿಯಲ್ಲಿ ಇದ್ದರೆ ಕೂರಿಸುವಾಗ ಇಡೀ ಕಾಂತವನ್ನೇ ನೂರು ಮೈಕ್ರಾನ್ ಇತ್ತ ಸರಿಸಿಕೊಳ್ಳುತ್ತಾರೆ. ತಿಳಿದ ದೋಷ ದೋಷವಾಗಿ ಉಳಿಯುವುದಿಲ್ಲ. ಸಾವಿರಾರು ಕಾಂತಗಳ ಉಂಗುರದಲ್ಲಿ ಕಂಟಕವಾಗುವುದು ಚೆನ್ನಾಗಿದೆಯೆಂದು ಬರೆದಿಟ್ಟು ಚೆನ್ನಾಗಿಲ್ಲದ ಒಂದು ಕಾಂತ.

ಹಾಗೆ ಸರಿಸಿಕೊಳ್ಳಲು ಕಾಂತದ ಅಡಿಯಲ್ಲಿ ಸಾಧನ ಬೇಕಲ್ಲವೇ? ಇಲ್ಲಿ ಕರ್ನಾಟಕದ ಹೆಸರು ಬರುತ್ತದೆ. ಎಲ್‌ಎಚ್‌ಸಿಯ ನಿರ್ಮಾಣಕ್ಕೆ ನೆರವಾಗಲು ನಮ್ಮ ಪರಮಾಣು ಶಕ್ತಿ ಇಲಾಖೆ 1996ರಲ್ಲಿ ಸರ್ನ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಇಂದೋರಿನ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಭಾರತ ಕಳುಹಿಸಿದ ವಸ್ತುಗಳಲ್ಲಿ ಮುಖ್ಯವಾದವು ಸುಮಾರು 7000 ನಿಖರ ಜಾಕುಗಳು. ಅವುಗಳನ್ನು ತಯಾರಿಸಿದ ಕಾರ್ಖಾನೆಗಳಲ್ಲಿ ಒಂದು ಬೆಂಗಳೂರಿನ ಅವಸರಾಲ ಸಂಸ್ಥೆ, ಇನ್ನೊಂದು ಇಂದೋರಿನ ಇಂಡೋ-ಜರ್ಮನ್ ಟೂಲ್ ರೂಮ್. ಮೂವತ್ತು ಟನ್ನಿಗೂ ಮಿಗಿಲಾದ ಕಾಂತ ಇಂಥ ಮೂರು ಜಾಕುಗಳ ಮೇಲೆ ಕುಳಿತಿರುತ್ತದೆ. ಮೂರೇ ಏಕೆಂದರೆ, ನಮ್ಮ ಅಡಿಗೆಮನೆಯ ಮೂರು ಗುಂಡಿನ ಒಲೆಯ ಮೇಲೆ ಯಾವ ಪಾತ್ರೆಯೂ ಅಲುಗುವುದಿಲ್ಲ. ನಾಲ್ಕನೆಯ ಕಲ್ಲು ಇಟ್ಟರೆ ಒಂದಲ್ಲ ಒಂದು ಕಡೆ ಆಡುತ್ತದೆ. ಲಾರಿಯ ಚಕ್ರ ಬದಲಿಸುವ ಜಾಕಿಗೆ ಭಾರ ಎತ್ತಿದರೆ ಸಾಕು. ಈ ಜಾಕು ಆ ಮಹಾಭಾರವನ್ನು 50 ಮೈಕ್ರಾನಿನ, ಎಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದ, ನಯದಲ್ಲಿ ಸರಿಸಿ, ಸರಿಸಿದಲ್ಲೇ ವರ್ಷಗಟ್ಟಲೆ ಹಿಡಿದಿರಬೇಕು.

ಇವುಗಳ ಜೊತೆಗೆ ಸುಮಾರು 1800 ಅತಿವಾಹಕ ತಿದ್ದು-ಕಾಂತಗಳೂ ಭಾರತದಿಂದ ಹೋದವು. ದೊಡ್ಡ ದ್ವಿಧ್ರುವದ ತುದಿಯಲ್ಲಿ ಕುಳಿತು ಅದರ ಕ್ಷೇತ್ರದ ವಕ್ರತೆಯನ್ನು ತಿದ್ದುವ ಪುಟ್ಟ ಕಾಂತಗಳಿವು. ಇವುಗಳ ತಯಾರಿಕೆಯಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಇಲೆಕ್ಟ್ರಿಕ್ ಕಂಪನಿಗೂ ಪಾಲಿತ್ತು. ಒಂದೊಂದರ ಸುರುಳಿ ಸುತ್ತಿದವರೂ, ನಡು ಅಳೆದು ಪಟ್ಟಿ ಬರೆದವರೂ ನಮ್ಮ ನಿಮ್ಮಂಥ ಸಂಬಳದ ಜನವೇ. ಹಿಗ್ಸ್ ಕಣದ ಸುದ್ದಿ ಬಂದ ದಿನ ಪತ್ರಿಕೆಗಳಲ್ಲಿ ಅವರ ಚಿತ್ರ ಅಚ್ಚಾಗಲಿಲ್ಲ. ಆದರೆ ಅವರು ಬರೆದ ಅಂಕಿಗಳು ಸುಳ್ಳಾಗಿದ್ದರೆ ಆ ಸುದ್ದಿಗೆ ತೊಡಕಾಗುತ್ತಿತ್ತು.

ಈ ಅತಿವಾಹಕ ಕಾಂತಗಳ ಅಳತೆಯಲ್ಲಿ ಇನ್ನೊಂದು ಕಷ್ಟವಿದೆ. ಅವು ಕೆಲಸ ಮಾಡುವುದು ಸೊನ್ನೆಗಿಂತ 271 ಡಿಗ್ರಿ ಕೆಳಗಿನ ಚಳಿಯಲ್ಲಿ. ಆ ಚಳಿಗೆ ಹದಿನೈದು ಮೀಟರಿನ ದ್ವಿಧ್ರುವ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಕುಗ್ಗುತ್ತದೆ. 27 ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಕುಗ್ಗುವುದು ಸುಮಾರು 80 ಮೀಟರ್. ಕೊಂಡಿಗಳಲ್ಲಿ ಮಡಿಕೆಯ ಕೊಳವೆಗಳಿಟ್ಟು ಇದಕ್ಕೆ ಎಡೆ ಮಾಡಿದ್ದಾರೆ. ಬೆಚ್ಚಗಿರುವಾಗ ಅಳೆದ ನಡು ತಣ್ಣಗಾದಾಗ ಎಲ್ಲಿಗೆ ಸರಿಯುತ್ತದೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಿಟ್ಟಿರಬೇಕು.

ಎಲ್ಲವನ್ನೂ ಅಳೆದು ಕೂರಿಸಿದ ಮೇಲೆ ನೆಮ್ಮದಿಯೇ? ನೆಲವೇ ನಿಲ್ಲುವುದಿಲ್ಲ. ಮೊದಲನೆಯದಾಗಿ ಮಟ್ಟದ ಪ್ರಶ್ನೆ. ನಮ್ಮೂರ ಕಡೆ ಮನೆಯ ಪಾಯಕ್ಕೆ ಮಟ್ಟ ನೋಡಲು ಉದ್ದನೆಯ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಗಳನ್ನು ಎತ್ತಿ ಹಿಡಿಯುತ್ತಾರೆ. ವೇಗವರ್ಧಕಗಳ ಸುರಂಗಗಳಲ್ಲೂ ಇದೇ ತತ್ವದ ನೀರುಮಟ್ಟಗಳಿವೆ. ಆದರೆ ನೀರು ಭೂಮಿಯ ಉಬ್ಬನ್ನು ಅನುಸರಿಸುತ್ತದೆ. ಒಂದು ಕಿಲೋಮೀಟರ್ ದೂರಕ್ಕೆ ನೇರ ಗೆರೆಗಿಂತ ಎಂಟು ಸೆಂಟಿಮೀಟರ್ ಇಳಿಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 1966ರಲ್ಲಿ ಕೆಲಸ ಆರಂಭಿಸಿದ ಮೂರು ಕಿಲೋಮೀಟರಿಗೂ ಉದ್ದದ ನೇರ ವೇಗವರ್ಧಕವನ್ನು ನೀರುಮಟ್ಟವನ್ನೇ ನಂಬಿ ಕಟ್ಟಿದ್ದರೆ ಅದರ ನಡುಭಾಗ ತುದಿಗಳನ್ನು ಕೂಡಿಸುವ ಗೆರೆಗಿಂತ ಸುಮಾರು 20 ಸೆಂಟಿಮೀಟರ್ ಮೇಲೆದ್ದಿರುತ್ತಿತ್ತು. ಅಲ್ಲಿ ಬೆಳಕಿನ ಗೆರೆಯನ್ನು ನಂಬಿದರು.

ಎರಡನೆಯದು ಚಂದ್ರ. ನಮ್ಮ ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಚಂದ್ರನ ಲೆಕ್ಕ ಬಾಯಿಪಾಠ. ಹುಣ್ಣಿಮೆ ಅಮಾವಾಸ್ಯೆಗಳ ಭರತಕ್ಕೆ ತೂಬಿನ ಹಲಗೆಯನ್ನು ಸಕಾಲಕ್ಕೆ ಇಳಿಸದಿದ್ದರೆ ಉಪ್ಪುನೀರು ಗದ್ದೆಯನ್ನು ನುಂಗುತ್ತದೆ. ಕಡಲಿಗೆ ಮಾತ್ರ ಭರತವೆಂದು ಬಾಡದಲ್ಲಿ ಬೆಳೆದ ನಾನು ತಿಳಿದಿದ್ದೆ. ಎಲ್ಲರೂ ಹಾಗೆಯೇ ತಿಳಿದಿರುತ್ತಾರೆ. ಆದರೆ ಗಟ್ಟಿನೆಲಕ್ಕೂ ಭರತ-ಇಳಿತವಿದೆ. ಜಿನೀವಾದ ಸುತ್ತಲ ನೆಲ ಚಂದ್ರ ಸೂರ್ಯರ ಸೆಳೆತಕ್ಕೆ ಸುಮಾರು 25 ಸೆಂಟಿಮೀಟರಿನಷ್ಟು ಏರಿ ಇಳಿಯುತ್ತದೆ. ಊರಿಗೆ ಊರೇ ಏರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಎಲ್‌ಎಚ್‌ಸಿ ಇರುವ ಸುರಂಗದಲ್ಲೇ 1989ರಿಂದ 2000ದವರೆಗೆ ಲೆಪ್ ಎಂಬ ಎಲೆಕ್ಟ್ರಾನ್ ಯಂತ್ರವಿತ್ತು. ಅದರ ಕಣಗಳ ಶಕ್ತಿ ಕಾರಣವಿಲ್ಲದೆ ಏರಿಳಿಯುವಂತೆ ಕಂಡಿತು. ಕೊನೆಗೆ ತಿಳಿದದ್ದೇನೆಂದರೆ, ಭೂಭರತಕ್ಕೆ ಸಿಕ್ಕಿ 27 ಕಿಲೋಮೀಟರಿನ ಉಂಗುರ ಸುಮಾರು ಒಂದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಿತ್ತು. ನೆಲದೊಡನೆ ಕಾಂತಗಳ ನಡು ಸರಿಯುತ್ತಿತ್ತು. ಕಣಗಳ ದಾರಿಯ ಉದ್ದವನ್ನೋ ಅವುಗಳನ್ನು ಓಡಿಸುವ ವಿದ್ಯುತ್ತರಂಗದ ಆವರ್ತನ ಕಟ್ಟಿಹಾಕಿತ್ತು. ಹೀಗಾಗಿ ಕಣಗಳು ಚತುರ್ಧ್ರುವಗಳ ನಡುವನ್ನು ತಪ್ಪಿ ಹಾಯುತ್ತಿದ್ದವು, ಆ ತಪ್ಪು ಶಕ್ತಿಯ ಏರಿಳಿತವಾಗಿ ಕಾಣಿಸುತ್ತಿತ್ತು. ವಿಜ್ಞಾನಿಗಳು ಚಂದ್ರನನ್ನು ತಡೆಯಲಿಲ್ಲ. ಭರತ-ಇಳಿತದ ಪಟ್ಟಿಯೊಂದನ್ನು ತಯಾರಿಸಿ ತಮ್ಮ ಅಂಕಿಗಳಿಂದ ಅದನ್ನು ಕಳೆದರು.

ಕಟ್ಟಕಡೆಯ ಪರೀಕ್ಷಕ ಕಣಧಾರೆಯೇ. ಯಂತ್ರ ನಡೆಯತೊಡಗಿದ ಮೇಲೆ ಒಂದೊಂದೇ ಚತುರ್ಧ್ರುವದ ಬಲವನ್ನು ಸ್ವಲ್ಪ ಹೆಚ್ಚಿಸಿ ತಗ್ಗಿಸಿ ನೋಡುತ್ತಾರೆ. ಧಾರೆ ಅದರ ನಡುವಿನಲ್ಲೇ ಹಾಯುತ್ತಿದ್ದರೆ ಏನೂ ಆಗುವುದಿಲ್ಲ. ತಪ್ಪಿದ್ದರೆ ದಾರಿ ಅಲುಗುತ್ತದೆ. ಕಾಣದ ನಡುವನ್ನು ಅಳೆದು ಪಟ್ಟಿ ಬರೆದವನ ಮಾತು ನಿಜವೇ ಎಂಬುದು ಅಲ್ಲಿ, ಅವನಿಲ್ಲದ ಕಡೆಯಲ್ಲಿ, ಅವನನ್ನು ಅರಿಯದವರ ಮುಂದೆ ತೀರ್ಮಾನವಾಗುತ್ತದೆ. ಎಲ್‌ಎಚ್‌ಸಿಯಲ್ಲಿ ಆ ದಿನ ಬಂದದ್ದು 2008ರ ಸೆಪ್ಟೆಂಬರ್ 10ರಂದು. ಪ್ರೋಟಾನುಗಳನ್ನು ಸುರಂಗದ ಒಂದೊಂದು ಭಾಗ ದಾಟಿಸುತ್ತ, ದಾರಿಯನ್ನು ಸ್ವಲ್ಪ ಸ್ವಲ್ಪ ತಿದ್ದುತ್ತ, ಅಂದು ಬೆಳಿಗ್ಗೆ ಸುಮಾರು ಒಂದು ಗಂಟೆಯ ಅವಧಿಯಲ್ಲಿ ಮೊದಲ ಪೂರ್ಣ ಸುತ್ತನ್ನು ಮುಗಿಸಿದರು. ಸಾವಿರಾರು ಕಾಂತಗಳು, ಬೇರೆ ಬೇರೆ ದೇಶಗಳ ಕಾರ್ಖಾನೆಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ಜನ ಅಳೆದಿಟ್ಟ ನಡುಗಳು. ಕೊಳವೆಯೊಳಗಿನ ಪ್ರೋಟಾನುಗಳು ಅವೆಲ್ಲವನ್ನೂ ಹಾದು, ಹೊರಟಲ್ಲಿಗೆ ಬಂದು ಸೇರಿದವು.